ಆಡಿನ ಮುಂಗಾಲು, ಜವಾರಿ ಕೋಳಿಯ ರೆಕ್ಕೆ: ಎಲುಬಿನ ಹಲಗೆ ಮಾಡಿದ ನನ್ನ ಅನುಭವ

ಜೀವವಿಕಾಸದ ಪಾಠದಲ್ಲಿ ರಚನಾನುರೂಪಿ ಅಂಗಗಳ, ಅಂದರೆ ಕೆಲಸ ಬೇರೆಯಾದರೂ ಒಂದೇ ಮೂಲದ ರಚನೆಯಿರುವ ಅಂಗಗಳ, ಚಿತ್ರ ಶಿಕ್ಷಕರಾದ ನಾವೆಲ್ಲರೂ ತೋರಿಸುತ್ತೇವೆ. ನಿಜವಾದ ಎಲುಬನ್ನೇ ಹಲಗೆಯ ಮೇಲೆ ಜೋಡಿಸಿ ತೋರಿಸುತ್ತೇನೆ ಅಂದಾಗ ಶಾಲೆಯಲ್ಲಿ ಬಂದ ಉತ್ತರ, "ನಾತ ಹೊಡಿತೈತ್ರಿ ಸರ, ಹುಡುಗರು ಮುಟ್ಟಂಗಿಲ್ಲ." ನಾಲ್ಕನೆಯ ಸಲ ಹಲಗೆ ಸರಿಯಾಯಿತು. ಗೋಡೆಗೆ ತೂಗುಹಾಕಿ ಎರಡು ವರ್ಷ ಆಯಿತು, ನಾತವೂ ಇಲ್ಲ, ಜಿಡ್ಡೂ ಇಲ್ಲ.

ಸೂಪಿಗೆ ಮಾರುವ ಕಾಲು ತರಬೇಡಿ. ಅದು ಮಣಿಕಟ್ಟಿನ ಕೆಳಗಿನ ತುಂಡು ಮಾತ್ರ, ಸುಟ್ಟದ್ದು ಬೇರೆ, ಮುಂಗಾಲು ಹಿಂಗಾಲು ಬೆರೆತಿರುತ್ತವೆ. ಗುರುತು ಇಷ್ಟೇ: ಮುಂಗಾಲಿನ ಉದ್ದೆಲುಬು ಗಿಡ್ಡ, ಚಪ್ಪಟೆ, ಹಿಂಗಾಲಿನದು ಉದ್ದ, ಚೌಕಾಕಾರ. ಹಿಂದಿನ ದಿನವೇ ಹೇಳಿಟ್ಟು, ಹೆಗಲಿನಿಂದ ಗೊರಸಿನವರೆಗೆ ಕಡಿಯದ ಮುಂಗಾಲು ತರಬೇಕು. ಸುಮಾರು 1,200 ರೂಪಾಯಿ ಬಿತ್ತು, ಆದರೆ ಮಾಂಸ ಅಡಿಗೆಗೆ ಹೋದರೆ ಎಲುಬು ಪುಕ್ಕಟೆ.

ಕೋಳಿಯಲ್ಲಿ ಕೈಸುಟ್ಟಿದ್ದು ಬ್ರಾಯ್ಲರ್ ತಂದು. ಅದು ಆರು ವಾರದ ಮರಿ, ಎಲುಬಿನ ತುದಿಯೆಲ್ಲ ಇನ್ನೂ ಮೃದ್ವಸ್ಥಿ, ಅಂದರೆ ಮೆತ್ತನೆಯ ಎಲುಬು. ಕುಕ್ಕರಿನಲ್ಲಿ ಮೂರು ಸೀಟಿ ಹೊಡೆಸಿದ್ದೇ ತಡ, ತುದಿಗಳು ಕರಗಿ ಕಡ್ಡಿಗಳಷ್ಟೇ ಉಳಿದವು. ವರ್ಷ ದಾಟಿದ ಜವಾರಿ ಕೋಳಿಯೇ ಬೇಕು. ನೀರು ಕುದಿಯಬಾರದು, ಹಬೆ ಏಳುತ್ತಿದ್ದರೆ ಸಾಕು. ರೆಕ್ಕೆಗೆ ಒಂದು ತಾಸು, ಆಡಿನ ಕಾಲಿಗೆ ಮೂರು ತಾಸು. ಆಮೇಲೆ ಚಾಕು ಮುಟ್ಟಿಸದೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದಲೇ ಉಜ್ಜಬೇಕು.

ಜಿಡ್ಡು ತೆಗೆಯುವುದನ್ನು ಬಿಟ್ಟರೆ ತಿಂಗಳಲ್ಲಿ ಎಲುಬು ಹಳದಿ ತಿರುಗುತ್ತದೆ, ನಾತಕ್ಕೂ ಅದೇ ಮೂಲ. ಉದ್ದೆಲುಬಿನ ಎರಡೂ ತುದಿಗೆ 3 ಮಿ.ಮೀ. ತೂತು ಕೊರೆದು ಮಜ್ಜೆ ಹೊರಡಿಸಿ, ಲೀಟರಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಬೆಚ್ಚನೆ ನೀರಲ್ಲಿ ಹತ್ತು-ಹನ್ನೆರಡು ದಿನ ಇಡಬೇಕು. ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಗದಗಿನ ಬೋರಿನ ಸವಳು ನೀರಿನಲ್ಲಿ ನೊರೆಯೇ ಏಳುವುದಿಲ್ಲ, ನಲ್ಲಿಗೆ ಬರುವ ತುಂಗಭದ್ರೆಯ ನೀರು ಹಿಡಿದಿಡಿ.

ಬಿಳುಪು ಮಾಡಲು ಬ್ಲೀಚಿಂಗ್ ಪೌಡರ್ ಹಾಕಿ ಒಂದು ಇಡೀ ಕಾಲು ಕಳಕೊಂಡೆ, ಎಲುಬು ಸುಣ್ಣದ ಕಡ್ಡಿಯಂತೆ ಉದುರಿತು. ಔಷಧ ಅಂಗಡಿಯ 6% ಹೈಡ್ರೋಜನ್ ಪೆರಾಕ್ಸೈಡ್‌ಗೆ ಅಷ್ಟೇ ನೀರು ಬೆರೆಸಿ ಒಂದು ದಿನ ಮುಳುಗಿಸಿದರೆ ಸಾಕು. ಮುಚ್ಚಳ ಬಿಗಿಯಬೇಡಿ, ಗಾಳಿ ತುಂಬಿ ಡಬ್ಬಿ ಸಿಡಿಯುತ್ತದೆ. ಕಾಲಿನ ದುಡ್ಡು ಬಿಟ್ಟು ಒಟ್ಟು ಖರ್ಚು ಆರುನೂರರ ಆಸುಪಾಸು.

ಆಡಿನ ಮಣಿಕಟ್ಟಿನಲ್ಲಿ ಆರು ಸಣ್ಣೆಲುಬು, ದೊಡ್ಡ ಕೋಳಿಯಲ್ಲಿ ಬಿಡಿಯಾಗಿ ಸಿಗುವುದು ಎರಡೇ, ನಮ್ಮಲ್ಲಿ ಎಂಟು. ಇವು ಕಳೆಯದಂತೆ, ಸಾಲು ತಪ್ಪದಂತೆ ಬೇಯಿಸುವ ಉಪಾಯ ಒಂದಿದೆ. ಅದನ್ನು ಹಲಗೆ ನೋಡಲು ಬಂದವರಿಗೆ ಕೈಯಲ್ಲೇ ತೋರಿಸುತ್ತೇನೆ. ಕಪ್ಪು ಬಣ್ಣ ಹೊಡೆದ ಪ್ಲೈವುಡ್ ಮೇಲೆ ಫೆವಿಕಾಲ್‌ನಿಂದ ಅಂಟಿಸಿ, ತೋಳಿಗೆ ಕೆಂಪು, ಮುಂದೋಳಿನ ಎರಡು ಎಲುಬುಗಳಲ್ಲಿ ರೇಡಿಯಸ್‌ಗೆ ನೀಲಿ, ಅಲ್ನಾಗೆ ಹಳದಿ, ಮಣಿಕಟ್ಟಿಗೆ ಹಸಿರು ಪಟ್ಟಿ ಬಳಿದೆ. ಇಡೀ ಎಲುಬಿಗೆ ಬಳಿದರೆ ರೆಕ್ಕೆಯ ಅಲ್ನಾ ಮೇಲೆ ಗರಿ ಕೂರುವ ಗುಬುಟುಗಳು ಮುಚ್ಚಿಹೋಗುತ್ತವೆ. ಹಸಿರು ಪಟ್ಟಿ ಎಲ್ಲಿದೆ ಎಂದು ಕೇಳಿದರೆ ಸಾಕು: ನಾವು ಆಡಿನ ಮುಂಗಾಲಿನ ಮೊಣಕಾಲು ಅನ್ನುವುದು ಅದರ ಮಣಿಕಟ್ಟು ಎಂದು ಹುಡುಗರೇ ಹೇಳುತ್ತಾರೆ.

ನಡುವೆ ಇನ್ನೊಂದು ಪ್ರಯೋಗ. ಎಳೆ ಆಡುಮರಿಯ ಮಣಿಕಟ್ಟಿನ ಕೆಳಗಿನ ಉದ್ದೆಲುಬನ್ನು ಹ್ಯಾಕ್ಸಾದಿಂದ ಅಡ್ಡ ಕೊಯ್ದರೆ ಒಳಗೆ ಗೋಡೆ, ಆಚೆ ಈಚೆ ಎರಡು ಪೊಳ್ಳು. ಮೂರನೆಯ ಮತ್ತು ನಾಲ್ಕನೆಯ ಬೆರಳಿನ ಅಂಗೈ ಎಲುಬುಗಳು ಬೆಸೆದುಕೊಂಡದ್ದು ಅಲ್ಲಿ ಬರಿಗಣ್ಣಿಗೇ ಕಾಣುತ್ತದೆ.

ಕುದುರೆಯ ಮುಂಗಾಲು ಇನ್ನೂ ಸಿಕ್ಕಿಲ್ಲ. ಅದರ ಮಣಿಕಟ್ಟಿನ ಕೆಳಗಿನ ಒಂಟಿ ಉದ್ದೆಲುಬಿನ ಎರಡೂ ಬದಿಗೆ ಅಂಟಿದ ಕಡ್ಡಿ ಎಲುಬುಗಳು ಎರಡನೆಯ ಮತ್ತು ನಾಲ್ಕನೆಯ ಬೆರಳಿನ ಉಳಿಕೆ. ಹಲಗೆಯ ಬಲತುದಿಯಲ್ಲಿ ಒಂದೂವರೆ ಅಡಿ ಜಾಗ ಅದಕ್ಕೇ ಬಿಟ್ಟಿದ್ದೇನೆ.