ಚಳಿಗಾಲದ ವಾಕಿಂಗ್: ಹೃದಯದ ಲಯ ತಪ್ಪುವವರಿಗೆ

ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಬಡಿತ ಲಯ ತಪ್ಪುವ ಕಾಯಿಲೆ) ಇರುವವರು ಡಿಸೆಂಬರ್, ಜನವರಿಯಲ್ಲಿ ನಸುಕಿಗೇ ಹೊರಡಬೇಡಿ, ಬಿಸಿಲೇರಲಿ. ಚಳಿಗೆ ರಕ್ತನಾಳಗಳು ಬಿಗಿದು ಬಿಪಿ ಏರುತ್ತದೆ, ಹೃದಯಕ್ಕೆ ಹೊರೆ ಹೆಚ್ಚುತ್ತದೆ. ಮೊದಲು ಮನೆಯೊಳಗೇ 10–15 ನಿಮಿಷ ಮೆಲ್ಲಗೆ ಓಡಾಡಿ ಮೈ ಬೆಚ್ಚಗಾಗಿಸಿಕೊಳ್ಳಿ. ಮೂಗು, ಬಾಯಿಗೆ ಮಫ್ಲರ್ ಇರಲಿ.

ವಾಕಿಂಗ್‌ಗೆ ಮುನ್ನ ಆರಾಮಾಗಿ ಕುಳಿತು, ಮಣಿಕಟ್ಟಿನ ನಾಡಿಯನ್ನು ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ, ಬಡಿತಗಳ ಅಂತರ ಒಂದೇ ಸಮ ಇರುವುದಿಲ್ಲವಲ್ಲ. ಸ್ಮಾರ್ಟ್‌ವಾಚ್ ಕೂಡ ಇಲ್ಲೇ ಎಡವುತ್ತದೆ, ಕೈ ತಣ್ಣಗಿದ್ದರಂತೂ ಇನ್ನಷ್ಟು. ವೈದ್ಯರು ಬೇರೆ ಮಿತಿ ಹೇಳಿರದಿದ್ದರೆ, ನಾಡಿ ನಿಮಿಷಕ್ಕೆ 110 ದಾಟಿದ ದಿನ ವಾಕಿಂಗ್ ಬೇಡ.

ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗ ಸಾಕು. ಬೀಟಾ ಬ್ಲಾಕರ್ ಎಂಬ ಹೃದಯದ ಮಾತ್ರೆ ನಾಡಿಯನ್ನು ತಗ್ಗಿಸಿಡುವುದರಿಂದ ಇದೇ ಹೆಚ್ಚು ನಂಬಬಹುದಾದ ಅಳತೆ.

ನೆಗಡಿಗೆ ಸ್ಯೂಡೋಎಫೆಡ್ರಿನ್, ಫಿನೈಲೆಫ್ರಿನ್ ಇರುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ಎದೆನೋವು ಬಂದರೆ, ಕಣ್ಣು ಕತ್ತಲಿಟ್ಟರೆ ಅಲ್ಲೇ ಕುಳಿತು 108ಕ್ಕೆ ಕರೆ ಮಾಡಿ.