ಗಂಟೆಗೆ 193 ಡಾಲರ್ ಯಾಕೆ ಎಂದು ಕೇಳಿದವರಿಗೆ ನಾನು ಕೊಟ್ಟ ಉತ್ತರ

ಮೆಲ್ಬರ್ನ್‌ನಲ್ಲಿ ನಾನು ಮ್ಯೂಸಿಕ್ ಥೆರಪಿಸ್ಟ್. ನನ್ನ ಹತ್ತಿರ ಬರುವ ಬಹಳಷ್ಟು ಜನರ ಫೀಸು ಎನ್‌ಡಿಐಎಸ್‌ನಿಂದ ಬರುತ್ತದೆ. ಅಂಗವೈಕಲ್ಯ ಇರುವವರಿಗಾಗಿ ಆಸ್ಟ್ರೇಲಿಯಾ ಸರ್ಕಾರ ನಡೆಸುವ ವಿಮಾ ಯೋಜನೆ ಅದು. 2024ರ ನವೆಂಬರ್‌ನಲ್ಲಿ ಒಂದು ಪ್ರಕಟಣೆ ಬಂತು. 2025ರ ಫೆಬ್ರವರಿ 1ರಿಂದ ಮ್ಯೂಸಿಕ್ ಮತ್ತು ಆರ್ಟ್ ಥೆರಪಿಗಳು ಥೆರಪಿಗಳ ಪಟ್ಟಿಯಲ್ಲಿ ಇರುವುದಿಲ್ಲ, ಜನರ ಜೊತೆ ಬೆರೆಯುವ ಚಟುವಟಿಕೆಗಳ ಸಾಲಿಗೆ ಹೋಗುತ್ತವೆ ಎಂದು. ಗಂಟೆಗೆ 193.99 ಡಾಲರ್ ಇದ್ದ ದರದ ಮಿತಿ 67.56ಕ್ಕೆ ಇಳಿಯುವುದಿತ್ತು. ಥೆರಪಿ ಅನ್ನುವಷ್ಟು ಪುರಾವೆ ಇಲ್ಲ ಅನ್ನೋದು ಎನ್‌ಡಿಐಎಸ್‌ನವರ ವಾದ.

ಇದರ ವಿರುದ್ಧ ಸಹಿ ಸಂಗ್ರಹ ಶುರುವಾಯಿತು. ನಾನೂ ಸಹಿ ಹಾಕಿದೆ. ಆದರೆ ಹೆಚ್ಚು ಸಮಯ ಕೊಟ್ಟಿದ್ದು ಎಂಪಿಗಳಿಗೆ ಹೋಗುವ ಪತ್ರಗಳಿಗೆ. ಎಂಪಿ ಆಫೀಸಿನವರು ಮೊದಲು ನೋಡುವುದು ಬರೆದವರು ತಮ್ಮ ಕ್ಷೇತ್ರದ ಮತದಾರರೇ ಅಂತ. ಹಾಗಾಗಿ ಪ್ರತಿ ಮನೆಯವರೂ ತಮ್ಮ ತಮ್ಮ ಎಂಪಿಗೇ ಬರೆಯಲಿ ಅಂದೆ. ಮಾದರಿ ಪತ್ರ ಮಾತ್ರ ಕೊಡಲಿಲ್ಲ. ಒಂದೇ ಥರದ ಐವತ್ತು ಪತ್ರ ಬಂದರೆ ಯಾರು ತಾನೇ ಓದುತ್ತಾರೆ?

ನಮ್ಮ ಕನ್ನಡದ ಮನೆಗಳಲ್ಲಿ ಹಿಂಜರಿಕೆ ಇತ್ತು. “ಸರ್ಕಾರದ ವಿರುದ್ಧ ಬರೆದರೆ ಮಗನಿಗೆ ಎನ್‌ಡಿಐಎಸ್‌ನಿಂದ ಬರೋ ಹಣಕ್ಕೆ ಕತ್ತರಿ ಬೀಳಲ್ವಾ ಮೇಡಂ?” ಅಂತ ಒಬ್ಬ ಅಪ್ಪ ಕೇಳಿದರು. ಎಂಪಿಗೆ ಬರೆಯೋದು ಇಲ್ಲಿ ಮಾಮೂಲಿ, ಹೆದರಬೇಡಿ, ಮಗುವಿನ ಹೆಸರನ್ನೂ ಹಾಕಬೇಕಿಲ್ಲ ಅಂದೆ. ಅವರು ಬರೆದರು, ಚೆನ್ನಾಗಿಯೇ ಬರೆದರು.

ಎಲ್ಲರಿಗೂ ಒಂದೇ ಮಾತು ಹೇಳಿದೆ. “ಮಗಳಿಗೆ ಸಂಗೀತ ಅಂದ್ರೆ ಪ್ರಾಣ” ಅಂತ ಬರೆಯಬೇಡಿ. ಅದು ನಿಜವೇ, ಆದರೆ ಹಾಗಾದ್ರೆ ಸಂಗೀತದ ಕ್ಲಾಸಿಗೆ ಹಾಕಿ ಅಂದುಬಿಡುತ್ತಾರೆ. ಮೊದಲು ಏನು ಆಗುತ್ತಿರಲಿಲ್ಲ, ಈಗ ಏನು ಆಗುತ್ತಿದೆ, ಅದನ್ನು ಬರೆಯಿರಿ. ಒಬ್ಬ ತಾಯಿ ಹಲ್ಲುಜ್ಜುವುದರ ಬಗ್ಗೆ ಮಾತ್ರ ಬರೆದರು. ಮೊದಲು ದಿನಾ ಬೆಳಿಗ್ಗೆ ರಂಪ. ಈಗ ಒಂದೊಂದು ಹಂತಕ್ಕೂ ಒಂದೊಂದು ಸಾಲು ಹಾಡುತ್ತಾ ಹುಡುಗ ತಾನೇ ಉಜ್ಜಿಕೊಳ್ಳುತ್ತಾನೆ. ನಾನು ಬರೆದ ಯಾವ ವರದಿಗಿಂತಲೂ ಆ ಪತ್ರ ಗಟ್ಟಿಯಾಗಿತ್ತು.

ಡಿಸೆಂಬರ್‌ನಲ್ಲಿ ಸರ್ಕಾರ ಜಾರಿಯನ್ನು ತಡೆಹಿಡಿದು, ಆರೋಗ್ಯ ಅರ್ಥಶಾಸ್ತ್ರಜ್ಞ ಸ್ಟೀಫನ್ ಡಕೆಟ್ ಅವರಿಗೆ ಸ್ವತಂತ್ರ ಪರಿಶೀಲನೆ ವಹಿಸಿತು. ಅದಕ್ಕೆ ನಾನು ಬರೆದ ಅಹವಾಲಿನಲ್ಲಿ ಪುರಾವೆಯ ಭಾಗಕ್ಕೇ ಜಾಸ್ತಿ ಬೆವರು ಹರಿಸಿದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2022ರ ವಿಮರ್ಶೆ ಆಟಿಸಂ ಕುರಿತ 26 ಅಧ್ಯಯನಗಳನ್ನು, 1,165 ಜನರನ್ನು ಒಟ್ಟಿಗೆ ನೋಡಿ, ಮ್ಯೂಸಿಕ್ ಥೆರಪಿಯಿಂದ ಒಟ್ಟಾರೆ ಸುಧಾರಣೆ ಬಹುಶಃ ಆಗುತ್ತದೆ ಎಂದಿತ್ತು. 9 ದೇಶಗಳ 364 ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಆಟಿಸಂ ಲಕ್ಷಣಗಳ ತೀವ್ರತೆ ಕಡಿಮೆಯಾಗಿರಲಿಲ್ಲ. ಅದನ್ನೂ ಹಾಕಿದೆ. “ಯಾಕೆ ನಾವೇ ಹೇಳಬೇಕು?” ಅಂತ ಜೊತೆಯವರು ಕೇಳಿದರು. ಓದುವವರಿಗೆ ಅದು ಗೊತ್ತೇ ಇರುತ್ತದೆ. ನಾವು ಮುಚ್ಚಿಟ್ಟರೆ ಉಳಿದದ್ದನ್ನೂ ನಂಬುವುದಿಲ್ಲ. ಪಾರ್ಶ್ವವಾಯುವಿನ ನಂತರ ತಾಳಕ್ಕೆ ಹೆಜ್ಜೆ ಹಾಕಿಸಿ ನಡಿಗೆ ಸರಿಪಡಿಸುವುದು, ಮಾತು ನಿಂತವರಿಗೆ ರಾಗವಾಗಿ ಹೇಳಿಸಿ ಮಾತಿಗೆ ತರುವುದು, ಇವನ್ನೂ ಸೇರಿಸಿದೆ.

ಯಾವ ರಾಗ ಬಿಪಿಗೆ, ಯಾವ ರಾಗ ನಿದ್ದೆಗೆ ಅಂತ ನಮ್ಮವರು ಸಿಕ್ಕಾಗಲೆಲ್ಲ ಕೇಳುತ್ತಾರೆ. ಅದನ್ನು ಅಹವಾಲಿನ ಹತ್ತಿರಕ್ಕೂ ಬಿಡಲಿಲ್ಲ. ಮಾತ್ರೆಯ ಥರ ರಾಗ ಬರೆದುಕೊಡೋದು ನನ್ನ ಕೆಲಸವಲ್ಲ.

ಇನ್ನು ದುಡ್ಡು. 193 ಡಾಲರ್ ಕೇಳಿ ಹುಬ್ಬೇರಿಸಿದವರಲ್ಲಿ ನಮ್ಮ ಬಂಧುಗಳೂ ಇದ್ದರು! ಎದುರಿಗೆ ಕೂತ ಒಂದು ಗಂಟೆಗೆ ಬರುವ ಹಣವದು. ಅದರ ಹಿಂದೆ ಟಿಪ್ಪಣಿ ಬರೆಯುವುದು, ತಯಾರಿ, ರೂಮಿನ ಬಾಡಿಗೆ, ವಿಮೆ, ವಾದ್ಯಗಳ ರಿಪೇರಿ ಇವೆ. ಇದನ್ನೆಲ್ಲ ಒಂದು ಪುಟದಲ್ಲಿ ಲೆಕ್ಕ ಹಾಕಿ ಎಂಪಿಯ ಸಹಾಯಕಿಗೆ ಕೊಟ್ಟೆ. ಪುರಾವೆಗಿಂತ ಹೆಚ್ಚು ಪ್ರಶ್ನೆ ಕೇಳಿದ್ದು ಆ ಪುಟದ ಮೇಲೆಯೇ.

2025ರಲ್ಲಿ ಪರಿಶೀಲನೆಯ ಫಲಿತಾಂಶ ಬಂತು. ಮ್ಯೂಸಿಕ್ ಥೆರಪಿ ಥೆರಪಿಯಾಗಿಯೇ ಉಳಿಯಿತು. ದರದ ಮಿತಿ ಮಾತ್ರ 156.16ಕ್ಕೆ ಇಳಿಯಿತು. ಅರ್ಧ ಗೆಲುವು ಅನ್ನಬಹುದು. ದೂರದ ಮನೆಗಳಿಗೆ ಹೋಗುವುದು ಈಗ ನನಗೆ ಗಿಟ್ಟುವುದಿಲ್ಲ. ಯಾವ ಊರಿನ ಯಾವ ಸೆಷನ್ ಬಿಡಬೇಕಾಯಿತು ಅನ್ನೋದನ್ನು ಬರೆದಿಡುತ್ತಿದ್ದೇನೆ. ದರಗಳ ಪರಿಶೀಲನೆ ಪ್ರತಿ ವರ್ಷ ನಡೆಯುತ್ತದೆ, ಆಗ ಆ ಪಟ್ಟಿ ಬೇಕಾಗುತ್ತದೆ.