ಫ್ಯಾನ್ ತಿರುಗುತ್ತಿತ್ತು, ಗಾಳಿ ಹೋಗುತ್ತಿರಲಿಲ್ಲ

ಪೀಣ್ಯದ ಒಂದು ಪ್ಯಾಕೇಜಿಂಗ್ ಘಟಕದಲ್ಲಿ ನಾನು ಮೆಂಟೆನೆನ್ಸ್ ನೋಡಿಕೊಳ್ಳುತ್ತಿದ್ದೆ. ಪಾಲಿಥೀನ್ ಫಿಲ್ಮ್ ಮೇಲೆ ಶಾಯಿ ಸುಮ್ಮನೆ ಹಿಡಿಯುವುದಿಲ್ಲ; ಪ್ರಿಂಟಿಂಗ್‌ಗೆ ಮುಂಚೆ ಅದು ಕರೋನಾ ಟ್ರೀಟರ್ ದಾಟಿ ಬರಬೇಕು. ಅಲ್ಲಿ ಸಾವಿರಾರು ವೋಲ್ಟ್ ಗಾಳಿಯನ್ನೇ ಪ್ಲಾಸ್ಮಾ (ವಿದ್ಯುದಾವಿಷ್ಟ ಕಣಗಳ ಅನಿಲ) ಮಾಡಿ, ಶಾಯಿ ಹಿಡಿಯುವಂತೆ ಫಿಲ್ಮಿನ ಮೇಲ್ಮೈ ಶಕ್ತಿಯನ್ನು ಸುಮಾರು 31 ಡೈನ್‌ನಿಂದ 38ಕ್ಕೆ ಏರಿಸುತ್ತದೆ. ಅದೇ ಪ್ಲಾಸ್ಮಾ ಆಮ್ಲಜನಕದ ಅಣುವನ್ನೂ ಒಡೆಯುತ್ತದೆ. ಒಡೆದ ಪರಮಾಣು ಮತ್ತೊಂದು ಅಣುವಿಗೆ ಸೇರಿ ಓಝೋನ್ ಆಗುತ್ತದೆ. ಮಷೀನ್ ಕೆಟ್ಟಾಗಲ್ಲ, ಸರಿಯಾಗಿ ಓಡುವಾಗಲೇ ಇದು ಹುಟ್ಟುವುದು.

ಒಂದು ರಾತ್ರಿ ಪಾಳಿಯಲ್ಲಿ ಆಪರೇಟರ್ ಹುಡುಗ ಬಂದ. "ಸಾರ್, ಗಂಟಲು ಕೆರೀತಿದೆ, ತಲೆ ಹಿಡ್ಕೊಂಡಂಗಿದೆ."

"ವಾಸನೆ ಬಂತೇನೋ?"

"ಶುರುವಲ್ಲಿ ಬಂತು ಸಾರ್, ಆಮೇಲೆ ಹೋಯ್ತು."

ನನ್ನ ಎದೆ ಧಸಕ್ಕೆಂದಿತು. ವಾಸನೆ ಹೋಗಿರಲಿಲ್ಲ, ಮೂಗು ಅದಕ್ಕೆ ಒಗ್ಗಿಹೋಗಿತ್ತು. ಅವನು ನಿಲ್ಲುವ ಜಾಗದಲ್ಲಿ ಮೀಟರ್ ಹಿಡಿದರೆ ಓಝೋನ್ 0.3 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 0.3 ಭಾಗ). 1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಎಂಟು ಗಂಟೆ ಕೆಲಸಕ್ಕೆ ಇಟ್ಟಿದ್ದ ಮಿತಿ 0.1.

ಟ್ರೀಟರ್ ಆಫ್ ಮಾಡಿಸಿ, ಹುಡುಗನನ್ನು ಹೊರಗೆ ಕಳಿಸಿದೆ. ಟ್ರೀಟರ್ ಮೇಲಿನ ಹುಡ್‌ನಿಂದ ಓಝೋನನ್ನು ಎಳೆದು ಡಕ್ಟ್ ಮೂಲಕ ಹೊರಗೆ ಹಾಕಬೇಕಾದದ್ದು ಬ್ಲೋವರ್. ಪ್ಯಾನೆಲ್‌ನಲ್ಲಿ ಬ್ಲೋವರ್‌ನ ಹಸಿರು ದೀಪ ಉರಿಯುತ್ತಿತ್ತು, ಮೋಟಾರ್ ಸದ್ದೂ ಇತ್ತು. ಹುಡ್ ಬಾಯಿಗೆ ಟಿಶ್ಯೂ ಪೇಪರ್ ಹಿಡಿದೆ. ಒಳಕ್ಕೆ ಎಳೆದುಕೊಳ್ಳಬೇಕಾದದ್ದು ಸುಮ್ಮನೆ ನೇತಾಡಿತು. ಏಣಿ ಹತ್ತಿ ನೋಡಿದರೆ ಬ್ಲೋವರ್ ಉಲ್ಟಾ ತಿರುಗುತ್ತಿದೆ! ಹಿಂದಿನ ವಾರ ಮೋಟಾರ್ ಬದಲಿಸಿದಾಗ ಮೂರು ಫೇಸ್ ತಂತಿಗಳಲ್ಲಿ ಎರಡು ಅದಲುಬದಲಾಗಿದ್ದವು. ಈ ಬಗೆಯ ಬ್ಲೋವರ್ ಉಲ್ಟಾ ತಿರುಗಿದರೂ ಗಾಳಿ ಅದೇ ದಿಕ್ಕಿಗೇ ಹೋಗುತ್ತದೆ, ಆದರೆ ತೀರಾ ಕಡಿಮೆ. ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ. ಕೆಲಸ ಮುಗಿದ ಮೇಲೆ ತಿರುಗುವ ದಿಕ್ಕನ್ನು ನಾನು ನೋಡಬೇಕಿತ್ತು, ನೋಡಿರಲಿಲ್ಲ.

ಫೇಸ್ ಸರಿಮಾಡಿದ ಮೇಲೆ ಮೀಟರ್ 0.05ಕ್ಕಿಂತ ಕೆಳಗೆ ಇಳಿಯಿತು. ಆದರೆ ನನಗೆ ಅಷ್ಟು ಸಾಲಲಿಲ್ಲ. ಬ್ಲೋವರ್ ಓಡದಿದ್ದರೆ ಟ್ರೀಟರನ್ನು ತಡೆಯಬೇಕಾದ ನಮ್ಮ ಇಂಟರ್‌ಲಾಕ್ ನೋಡುತ್ತಿದ್ದದ್ದು ಮೋಟಾರ್‌ಗೆ ಕರೆಂಟ್ ಕೊಡುವ ಸ್ವಿಚ್ಚಾದ ಕಾಂಟ್ಯಾಕ್ಟರನ್ನು, ಗಾಳಿಯನ್ನಲ್ಲ. ಡಕ್ಟ್ ಒಳಗೇ ಏರ್‌ಫ್ಲೋ ಸ್ವಿಚ್ ಹಾಕಿಸಿದೆ. ಗಾಳಿ ಹರಿಯದಿದ್ದರೆ ಈಗ ಹೈ ವೋಲ್ಟೇಜ್ ಬರುವುದೇ ಇಲ್ಲ. ಟ್ರೀಟರ್ ನಿಂತ ಮೇಲೂ ಬ್ಲೋವರ್ ಐದು ನಿಮಿಷ ಓಡುತ್ತದೆ. ಡಕ್ಟ್ ಜಾಯಿಂಟಿನ ರಬ್ಬರ್ ಗ್ಯಾಸ್ಕೆಟ್ ಬಿಚ್ಚಿದಾಗ ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಟ್ಟಿತ್ತು. ಓಝೋನ್ ರಬ್ಬರನ್ನು ಹೀಗೇ ತಿನ್ನುವುದು. ಅಲ್ಲೆಲ್ಲ ಸಿಲಿಕೋನ್ ಹಾಕಿದೆವು. ಧೂಳಿನ ಮಾಸ್ಕ್ ಈ ಅನಿಲವನ್ನು ತಡೆಯುವುದಿಲ್ಲ ಎಂದು ಪಾಳಿಯವರಿಗೆಲ್ಲ ಕೂರಿಸಿ ಹೇಳಿದೆ.

ಎರಡು ದಿನ ರಜೆ ಮುಗಿಸಿ ಬಂದ ಹುಡುಗ ಮೊದಲು ಮಾಡಿದ್ದು ಹುಡ್ ಬಾಯಿಗೆ ಒಂದು ಟಿಶ್ಯೂ ಪಟ್ಟಿ ಅಂಟಿಸಿದ್ದು. ಪಾಳಿ ಶುರುವಾಗುವಾಗ ಈಗ ಎಲ್ಲರೂ ಅದನ್ನೊಮ್ಮೆ ನೋಡಿಯೇ ಸ್ವಿಚ್ ಒತ್ತುತ್ತಾರೆ.